ಪದಚರ್ಚೆ: ಫೈರ್‌ವಾಲ್‌ಗೆ ‘ಗೋಡೆ’ ಸರಿಯೇ? ‘ಉಕ್ಕಡ’ ಆಗಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ತಕರಾರು ಹೊತ್ತು ಬಂದಿದ್ದೇನೆ. ಚಿಕ್ಕಮಗಳೂರಿನ ನಮ್ಮ ಕಡೆಯ ಸಹಕಾರ ಸಂಘವೊಂದು ತನ್ನ ವೆಬ್‌ಸೈಟಿನ ರಕ್ಷಣೆಯನ್ನು ಕಚೇರಿಯೊಳಗಿನ ಫೈರ್‌ವಾಲ್ ಪೆಟ್ಟಿಗೆಯಿಂದ ಕ್ಲೌಡ್‌ಗೆ, ಅಂದರೆ ಬೇರೆ ಕಂಪನಿಯವರು ಇಂಟರ್ನೆಟ್ ಮೂಲಕ ಕೊಡುವ ಸೇವೆಗೆ, ಬದಲಾಯಿಸುತ್ತಿದೆ. ಯಾಕೆ ಬದಲಾಯಿಸಬೇಕು ಅಂತ ಆಡಳಿತ ಮಂಡಳಿಗೆ ತಿಳಿಸಲು ಎರಡು ಪುಟದ ಟಿಪ್ಪಣಿ ಕನ್ನಡದಲ್ಲಿ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಕೇಳಿದರು. ಒಪ್ಪಿಕೊಂಡೆ. ತಲೆಬರಹದಲ್ಲೇ ಸಿಕ್ಕಿಬಿದ್ದೆ. ವೆಬ್‌ಸೈಟಿಗೆ ಬರುವುದನ್ನೆಲ್ಲ ತಪಾಸಣೆ ಮಾಡಿ ಕೆಟ್ಟದ್ದನ್ನು ತಡೆಯುವ ‘ವೆಬ್ ಅಪ್ಲಿಕೇಶನ್ ಫೈರ್‌ವಾಲ್’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಮೊದಲ ಕರಡಿನಲ್ಲಿ ಯಂತ್ರಾನುವಾದ ಕೊಟ್ಟ ‘ವೆಬ್ ಅರ್ಜಿ ಬೆಂಕಿಗೋಡೆ’ ಹಾಗೇ ಉಳಿದುಬಿಟ್ಟಿತ್ತು. ಹಿರಿಯ ನಿರ್ದೇಶಕರೊಬ್ಬರು ಕನ್ನಡಕ ಏರಿಸಿ ಓದಿ, “ಅರ್ಜಿ ಯಾರಿಗೆ ಕೊಡ್ಬೇಕು ಸ್ವಾಮಿ?” ಅಂದರು. ಅವರದೇನು ತಪ್ಪು? ನಮ್ಮಲ್ಲಿ ಅಪ್ಲಿಕೇಶನ್ ಅಂದರೆ ಅರ್ಜಿಯೇ. ‘ಆನ್ವಯಿಕ’ ಅಂತ ಬರೆದರೆ ಪುಟ ಅಲ್ಲಿಗೇ ಮಡಚಿಡುತ್ತಾರೆ. ಅದನ್ನು ಬಿಟ್ಟೇಬಿಟ್ಟೆ. ‘ವೆಬ್‌ಸೈಟ್’ ಅಂದರೆ ಕೆಲಸ ನಡೆಯುತ್ತದೆ.

ನಿಜವಾದ ತೊಡಕು ‘ಗೋಡೆ’ಯದು. ಇಂಗ್ಲಿಷಿನಲ್ಲಿ ಈ ಮಾತು ಕಟ್ಟಡ ಕಟ್ಟುವವರಿಂದ ಬಂದದ್ದು. ಒಂದು ಮನೆಗೆ ಹತ್ತಿದ ಬೆಂಕಿ ಪಕ್ಕದ್ದಕ್ಕೆ ದಾಟದ ಹಾಗೆ ನಡುವೆ ಎಬ್ಬಿಸುವ ಗೋಡೆ. ಕಾರಿನಲ್ಲಿ ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿಗೂ ಇದೇ ಹೆಸರು. 1980ರ ದಶಕದ ಕೊನೆಯ ಹೊತ್ತಿಗೆ ಕಂಪ್ಯೂಟರಿನವರು ಎತ್ತಿಕೊಂಡರು. ನಮ್ಮವರು ಬೆಂಕಿಗೋಡೆ, ಅಗ್ನಿಗೋಡೆ, ಕಾಪುಗೋಡೆ ಅಂತ ಮಾಡಿಕೊಂಡರು. ಆದರೆ ನಮ್ಮ ಮಲೆನಾಡಿನಲ್ಲಿ ಬೆಂಕಿ ತಡೆಯುವುದು ಗೋಡೆ ಅಲ್ಲ, ಬೆಂಕಿ ರೇಖೆ. ಬೇಸಿಗೆ ಬಲಿಯುವ ಮುಂಚೆ ಅರಣ್ಯ ಇಲಾಖೆಯವರು ಗುಡ್ಡದ ಹುಲ್ಲು ಸವರಿ, ಪಟ್ಟಿ ಹಾಗೆ ಸುಟ್ಟು ಬಿಡುತ್ತಾರಲ್ಲ, ಅದು. ಎಷ್ಟು ಚೆಂದದ ಮಾತು, ಇದನ್ನೇ ಹಾಕೋಣ ಅಂದುಕೊಂಡೆ. ಆಮೇಲೆ ಹೊಳೆಯಿತು, ಬೆಂಕಿ ರೇಖೆಯನ್ನು ಯಾವ ಬೆಂಕಿಯೂ ದಾಟಬಾರದು. ವೆಬ್‌ಸೈಟಿಗೆ ಜನ ಬರಲೇಬೇಕು. ಬರುವವರಲ್ಲಿ ಕಳ್ಳ ಯಾರು ಅಂತ ನೋಡಿ ಹಿಡಿಯುವುದಷ್ಟೇ ಇದರ ಕೆಲಸ. ಗೋಡೆಗೂ ರೇಖೆಗೂ ಕಣ್ಣಿಲ್ಲ. ಇದಕ್ಕೆ ಕಣ್ಣೇ ಮುಖ್ಯ.

ನಿರ್ದೇಶಕರಿಗೆ ಇದನ್ನು ಹೇಳಲು ನನಗೆ ಕಾಫಿ ಕ್ಯೂರಿಂಗ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ದರ್ಜೆ ಮಾಡುವ ಕೆಲಸ, ನೆರವಾಯಿತು. ಸಿಪ್ಪೆ ಬಿಡಿಸಿದ ಬೀಜ ಮೊದಲು ಜರಡಿ ಮೇಲೆ ಹೋಗುತ್ತದೆ. ತೂತಿನ ಅಳತೆ, ಆಕಾರಕ್ಕೆ ತಕ್ಕಂತೆ ‘ಎ’, ‘ಬಿ’, ‘ಪಿ.ಬಿ.’ (ಗುಂಡನೆಯ ಒಂಟಿ ಬೀಜ) ಅಂತ ಬೇರೆ ಬೇರೆಯಾಗುತ್ತದೆ. ಜರಡಿಗೆ ಬಣ್ಣ ಕಾಣಲ್ಲ. ಅಳತೆ ಸರಿಯಿದ್ದರೆ ಕರೀ ಬೀಜವೂ ಸಲೀಸಾಗಿ ‘ಎ’ ಗ್ರೇಡಿಗೆ ಹೋಗಿ ಕೂರುತ್ತದೆ. ಅದಕ್ಕೇ ಆಮೇಲೆ ಗಾರ್ಬಲಿಂಗ್ ಇರುವುದು. ಹೆಂಗಸರು ಸಾಲಾಗಿ ಕೂತು ಒಂದೊಂದೇ ಬೀಜ ನೋಡಿ ಕರಿದು, ಕಂದು, ಒಡಕು ಆರಿಸಿ ಬಿ.ಬಿ.ಬಿ. ಅನ್ನುವ ಕೆಳ ದರ್ಜೆಗೆ ಹಾಕುತ್ತಾರೆ. ಈಗ ಬಣ್ಣ ನೋಡುವ ಯಂತ್ರವೂ ಬಂದಿದೆ, ಅದು ಬೇರೆ ಮಾತು. ಹಳೇ ಮಾದರಿಯ ಫೈರ್‌ವಾಲ್ ಅಂದರೆ ಜರಡಿ. ಎಲ್ಲಿಂದ ಬಂತು, ಯಾವ ಪೋರ್ಟಿಗೆ (ಕಂಪ್ಯೂಟರಿನ ನಂಬರು ಹಾಕಿದ ಬಾಗಿಲಿಗೆ) ಬಂತು ಅಂತ ಮಾತ್ರ ನೋಡುತ್ತದೆ. ವೆಬ್‌ಸೈಟ್ ಇಟ್ಟವರು 80 ಮತ್ತು 443ನೇ ಪೋರ್ಟು ತೆರೆದಿಡಲೇಬೇಕು. ಕಳ್ಳನೂ ಅದೇ ಬಾಗಿಲಿಂದ ಬರುತ್ತಾನೆ. ವೆಬ್ ಅಪ್ಲಿಕೇಶನ್ ಫೈರ್‌ವಾಲ್ ಅಂದರೆ ಗಾರ್ಬಲಿಂಗ್. ಬಂದ ಮನವಿಯನ್ನು ಬಿಚ್ಚಿ, ಫಾರಂನಲ್ಲಿ ಏನು ತುಂಬಿದ್ದಾರೆ ಅಂತ ಓದುತ್ತದೆ. ಹೆಸರಿನ ಜಾಗದಲ್ಲಿ, ಮಾಹಿತಿ ಕೂಡಿಟ್ಟ ಡೇಟಾಬೇಸಿಗೆ ಅಪ್ಪಣೆ ಬರೆದಿದ್ದರೆ ಎತ್ತಿ ಹೊರಗೆ ಹಾಕುತ್ತದೆ. ಈ ಕಳ್ಳತನಕ್ಕೆ ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಅಂತ ಹೆಸರು. ಇದನ್ನು ‘ಚುಚ್ಚುಮದ್ದು’ ಅಂತ ಅನುವಾದ ಮಾಡಬೇಡಿ, ದಯವಿಟ್ಟು. ಮದ್ದು ಗುಣ ಮಾಡುವಂಥದ್ದು. ನಾನು ‘ತೂರಿಕೆ’ ಅಂತ ಬರೆದಿದ್ದೇನೆ.

ಇನ್ನು ಪೆಟ್ಟಿಗೆ ಬಿಟ್ಟು ಕ್ಲೌಡ್‌ಗೆ ಹೋಗುವುದು ಯಾಕೆ? ಸಂಘದ ಪೆಟ್ಟಿಗೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಕಾರ್ಯದರ್ಶಿಗಳ ಬೀರುವಿನ ಪಕ್ಕ, ಯುಪಿಎಸ್ ಮೇಲೆ, ಫ್ಯಾನಿಗೆ ಧೂಳು ಮೆತ್ತಿಕೊಂಡು ಕೂತಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಹೋಗುತ್ತದೆ. ಲೈಸೆನ್ಸ್ ನವೀಕರಣ ಬೇರೆ, ರಿಪೇರಿ ಕರಾರು ಬೇರೆ. ಅದರ ನಿಯಮಗಳನ್ನು ಹೊಸದು ಮಾಡಲು ಗೊತ್ತಿದ್ದ ಹುಡುಗ ಬೆಂಗಳೂರಿಗೆ ಹೋಗಿಬಿಟ್ಟ. 2021ರ ಡಿಸೆಂಬರಿನಲ್ಲಿ ಲಾಗ್4ಶೆಲ್ ಅನ್ನುವ ದೊಡ್ಡ ತಂತ್ರಾಂಶ ಲೋಪ ಬಯಲಾಯಿತು. ಕ್ಲೌಡ್ ಸೇವೆಯವರು ಅದನ್ನು ತಡೆಯುವ ನಿಯಮವನ್ನು ತಮ್ಮ ಗಿರಾಕಿಗಳಿಗೆಲ್ಲ ಒಂದೇ ಸಲ ಬೇಗ ಹಾಕಿಕೊಟ್ಟರು. ನಮ್ಮಂಥ ಪೆಟ್ಟಿಗೆ ಇಟ್ಟುಕೊಂಡವರು ಯಾರಾದರೂ ಬಂದು ಮುಟ್ಟುವವರೆಗೆ ಕಾಯಬೇಕಾಗುತ್ತದೆ.

ಉತ್ತರದ ಇನ್ನರ್ಧ ಜಾಗದ್ದು. ಮುಳ್ಳಯ್ಯನಗಿರಿಗೆ ವಾರಾಂತ್ಯದಲ್ಲಿ ಎಷ್ಟು ಗಾಡಿ ಹತ್ತುತ್ತವೆ ಅಂತ ಊರವರಿಗೆ ಗೊತ್ತು. ಅವನ್ನು ಗಿರಿಯ ತುದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರೆ ಏನು ಬಂತು? ಅಷ್ಟರಲ್ಲಿ ರಸ್ತೆಯೇ ತುಂಬಿರುತ್ತದೆ. ಅದಕ್ಕೇ ಕೆಳಗೆ, ಕೈಮರದಲ್ಲಿ, ಚೆಕ್‌ಪೋಸ್ಟ್. ವೆಬ್‌ಸೈಟ್ ಬೀಳಿಸಲು ಸಾವಿರಾರು ಕಂಪ್ಯೂಟರಿನಿಂದ ಒಟ್ಟಿಗೆ ನುಗ್ಗಿಸುತ್ತಾರಲ್ಲ, ಆಗ ಕಚೇರಿಯ ಪೆಟ್ಟಿಗೆಯದ್ದೂ ಗಿರಿ ತುದಿಯ ಪಾಡೇ. ಪೆಟ್ಟಿಗೆಗೆ ತಾಕತ್ತಿದ್ದರೂ ಅಲ್ಲಿಗೆ ಬರುವ ಲೈನು ಮೊದಲೇ ಕಟ್ಟಿಕೊಳ್ಳುತ್ತದೆ. ಕ್ಲೌಡ್‌ನವರು ದೂರದಲ್ಲೇ, ಹತ್ತಾರು ಊರುಗಳಲ್ಲಿ ತಡೆದು, ಸರಿಯಾದವರನ್ನು ಮಾತ್ರ ಬಿಡುತ್ತಾರೆ.

ಇಲ್ಲಿ ಒಂದು ಮಜಾ ಗಮನಿಸಿ. ಕೈಮರ ಅನ್ನುವ ಊರ ಹೆಸರೇ ಒಂದು ಪದ. ಕೂಡುದಾರಿಯಲ್ಲಿ ಕೈ ಚಾಚಿ ನಿಂತ ದಾರಿ ತೋರುವ ಕಂಬ. ಕ್ಲೌಡ್‌ಗೆ ಬದಲಾಗುವಾಗ ಆಗುವುದೂ ಬಹುಪಾಲು ಇಷ್ಟೇ. ವೆಬ್‌ಸೈಟಿನ ಹೆಸರಿಗೆ ಸರ್ವರಿನ ವಿಳಾಸ ಹೇಳುವ ಡಿಎನ್‌ಎಸ್ ಅನ್ನುವ ಪಟ್ಟಿಯಲ್ಲಿ ವಿಳಾಸ ತಿದ್ದುತ್ತಾರೆ, ಜನ ಮೊದಲು ಅತ್ತ ಹೋಗಿ ಆಮೇಲೆ ಇತ್ತ ಬರುತ್ತಾರೆ. ಕೈಮರ ತಿರುಗಿಸಿದ ಹಾಗೆ! ಸರ್ವರಿನ ಹಳೇ ವಿಳಾಸ ಗೊತ್ತಿದ್ದವನು ಕೈಮರ ನೋಡದೆ ನೇರ ಬಂದುಬಿಡಬಹುದು. ಹಾಗಾಗಿ ಕ್ಲೌಡ್‌ನವರ ಕಡೆಯಿಂದ ಬಂದದ್ದನ್ನು ಮಾತ್ರ ಸರ್ವರ್ ಒಳಗೆ ಬಿಡಬೇಕು. ಇದನ್ನು ‘ದಿಡ್ಡಿ ಬಾಗಿಲು ಮುಚ್ಚುವುದು’ ಅಂತ ಬರೆದೆ. ಎಲ್ಲರಿಗೂ ತಕ್ಷಣ ಅರ್ಥವಾಯಿತು.

ಎಲ್ಲ ಒಳ್ಳೆಯದೇ ಅಂತಲ್ಲ. ತಪಾಸಣೆ ಮಾಡುವವರು ಬೀಗ ಹಾಕಿ ಬಂದ ಮಾಹಿತಿಯನ್ನು ಬಿಚ್ಚಿ ಓದಬೇಕು, ಅಂದರೆ ಕೀಲಿ ಅವರ ಕೈಲೂ ಇರುತ್ತದೆ. ಕ್ಯೂರಿಂಗಿಗೆ ಮೂಟೆ ಕಳಿಸುವಾಗ ಇರುವಂಥದ್ದೇ ನಂಬಿಕೆ ಬೇಕು. ಅವರು ಎಡವಿದರೆ ಎಲ್ಲರೂ ಎಡವುತ್ತಾರೆ. 2019ರ ಜುಲೈ 2ರಂದು ಇಂಥ ಸೇವೆ ಕೊಡುವ ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ ತಪಾಸಣೆಯ ಒಂದು ನಿಯಮ ತಪ್ಪಾಗಿ, ಅವರನ್ನು ನಂಬಿದ ವೆಬ್‌ಸೈಟುಗಳು ಸುಮಾರು 27 ನಿಮಿಷ ತೊಂದರೆಗೆ ಸಿಕ್ಕಿದವು. ಇನ್ನು, ಸೈಬರ್ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು, ಅಂದರೆ ಯಾರು ಬಂದರು ಏನಾಯಿತು ಅನ್ನುವ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು. ಅದನ್ನು ಕರಾರಿನಲ್ಲೇ ಬರೆಸಿಕೊಳ್ಳಿ ಅಂತ ಹೇಳಿದ್ದೇನೆ.

ಪರೀಕ್ಷೆಗೆ ಅಂತ ಚಾಲು ಮಾಡಿದ ಮೊದಲ ದಿನವೇ ಸದಸ್ಯರೊಬ್ಬರ ಫಾರಂ ವಾಪಸ್ ಬಂತು. ಮೂರು ಸಲ ತುಂಬಿದರು, ಮೂರು ಸಲವೂ ‘ತಡೆಯಲಾಗಿದೆ’. ಅವರ ಮನೆತನದ ಹೆಸರು ಡಿಸೋಜ. ಇಂಗ್ಲಿಷಿನಲ್ಲಿ ಬರೆಯುವಾಗ ‘ಡಿ’ ಆದ ಮೇಲೆ ಒಂದು ಸಣ್ಣ ಕೊಕ್ಕೆ ಬರುತ್ತದಲ್ಲ, ಅದನ್ನು ಕಂಡು ತೂರಿಕೆ ಅಂದುಕೊಂಡಿತ್ತು. ಡೇಟಾಬೇಸಿನ ಭಾಷೆಯಲ್ಲಿ ಆ ಕೊಕ್ಕೆ ಬಂದರೆ ಹೆಸರು ಮುಗಿಯಿತು, ಮುಂದಿನದು ಅಪ್ಪಣೆ ಅಂತ ಅರ್ಥ. ನಮ್ಮ ಜಿಲ್ಲೆಯಲ್ಲಿ ಡಿಸೋಜಗಳಿಗೇನು ಕಮ್ಮಿಯೇ? ಕನ್ನಡಕ್ಕೂ ಇದೇ ಗತಿ ಬರಬಹುದು. ‘ಕಾಫಿ’ ಅಂತ ಎರಡಕ್ಷರ ಬರೆದರೆ ಅದು ಕಂಪ್ಯೂಟರಿಗೆ 12 ಬೈಟು. ವೆಬ್ ವಿಳಾಸದಲ್ಲಿ ಹೋಗುವಾಗ ಶೇಕಡಾ ಚಿಹ್ನೆಗಳೂ ಸೇರಿ 36 ಅಕ್ಷರ. ಇಂಗ್ಲಿಷನ್ನೇ ಮನಸ್ಸಿನಲ್ಲಿಟ್ಟು ಬರೆದ ನಿಯಮಕ್ಕೆ ಇದು ಅನುಮಾನಾಸ್ಪದವಾಗಿ ಕಾಣುತ್ತದೆ. ಹಾಗಾಗಿ ಶುರುವಿನಲ್ಲಿ ಕೆಲವು ವಾರ ‘ನೋಡು, ಬರೆದಿಡು, ತಡೆಯಬೇಡ’ ಅನ್ನುವ ಸ್ಥಿತಿಯಲ್ಲಿ ಇಡಬೇಕು. ನಿರಪರಾಧಿಯನ್ನು ಹೀಗೆ ಹಿಡಿಯುವುದಕ್ಕೆ ನಾನು ‘ಸುಳ್ಳು ಹಿಡಿತ’ ಅಂದಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ಈಗ ಮುಖ್ಯ ಪ್ರಶ್ನೆ. ‘ಜಾಲಕಾವಲು’ ಆಗಬಹುದೇ ಅಂತ ಗೆಳೆಯರೊಬ್ಬರು ಕೇಳಿದರು. ಕಡೂರು, ಅಜ್ಜಂಪುರದ ಕಡೆಯವರಿಗೆ ಕಾವಲು ಅಂದರೆ ಅಮೃತಮಹಲ್ ದನಗಳ ಹುಲ್ಲುಗಾವಲು. ಅವರು ಬೇರೇನೋ ಅಂದುಕೊಳ್ಳುತ್ತಾರೆ. ‘ಗಾರ್ಬಲಿಂಗ್’ ಕಾಫಿ ಸೀಮೆ ದಾಟಿದರೆ ಯಾರಿಗೂ ಗೊತ್ತಾಗಲ್ಲ. ನನ್ನ ಮನಸ್ಸು ‘ಉಕ್ಕಡ’ದ ಕಡೆ ವಾಲುತ್ತಿದೆ. ಹಿಂದೆ ದಾರಿಯಲ್ಲಿ ಕಾವಲು ಕೂತು, ಬಂದವರನ್ನು ವಿಚಾರಿಸಿ, ಸುಂಕ ಕಟ್ಟಿಸಿಕೊಂಡು ಬಿಡುತ್ತಿದ್ದ ಜಾಗ. ಶ್ರೀರಂಗಪಟ್ಟಣದ ಹತ್ತಿರದ ಆರತಿ ಉಕ್ಕಡದಲ್ಲಿ ಈ ಪದ ಇನ್ನೂ ಬದುಕಿದೆ. ತಡೆಯುವುದು, ನೋಡುವುದು, ಬಿಡುವುದು ಮೂರೂ ಇದರಲ್ಲಿವೆ, ಮನೆ ಬಾಗಿಲಲ್ಲಿ ಅಲ್ಲದೆ ದಾರಿಯಲ್ಲಿ ಇರುವುದೂ ಇದೆ. ‘ವೆಬ್ ಉಕ್ಕಡ’ ಅಂತ ಬರೆದರೆ ತೀರಾ ಹಳೆಯದಾಯಿತು ಅನಿಸುತ್ತದಾ? ಸುಮ್ನೆ ‘ವೆಬ್ ಚೆಕ್‌ಪೋಸ್ಟ್’ ಅಂತಲೇ ಬಿಡಲಾ?

ಹಾಸನ, ತುಮಕೂರು, ಉತ್ತರ ಕರ್ನಾಟಕದ ಕಡೆ ಉಕ್ಕಡ ಅನ್ನುವ ಮಾತು ಈಗಲೂ ಬಳಕೆಯಲ್ಲಿದೆಯೇ, ಇದ್ದರೆ ಯಾವ ಅರ್ಥದಲ್ಲಿ? ಅಲ್ಲಿನವರು ಯಾರಾದರೂ ತಿಳಿಸಿ. ಮುಂದಿನ ವಾರ ಮಂಡಳಿ ಸಭೆ ಇದೆ, ಅಷ್ಟರೊಳಗೆ ತಲೆಬರಹ ಕೊಡಬೇಕು.