ಎಣ್ಣೆಯಲ್ಲಿ ಕರಗಿದ ಡ್ರಗ್ ನೀರಿಗೆ ಬಿದ್ದ ಮೇಲೆ

ಪುಣೆಯಿಂದ ಕೇಳಿದ್ದು: ನಾನು ಎಂ.ಫಾರ್ಮ್ ಎರಡನೇ ವರ್ಷ. ನನ್ನ ಡ್ರಗ್ ನೀರಲ್ಲಿ ಕರಗುವುದೇ ಇಲ್ಲ. ಕ್ಯಾಪ್ರಿಯಾಲ್ 90 (ಎಣ್ಣೆ), ಕ್ರೆಮೊಫೋರ್ ಆರ್‌ಎಚ್ 40 (ಎಣ್ಣೆ-ನೀರು ಬೆರೆಸುವ ಸರ್ಫ್ಯಾಕ್ಟಂಟ್), ಟ್ರಾನ್ಸ್‌ಕ್ಯುಟಾಲ್ (ದ್ರಾವಕ) ಸೇರಿಸಿ ಸ್ಮೆಡ್ಸ್ ಮಾಡಿದ್ದೇನೆ, ಅಂದರೆ ನೀರಿಗೆ ಬಿದ್ದರೆ ತಾನೇ ಸೂಕ್ಷ್ಮ ಹನಿಗಳಾಗುವ ಎಣ್ಣೆ ಮಿಶ್ರಣ. ನೀರಿಗೆ ಹಾಕಿದ ಕೂಡಲೇ ತಿಳಿಯಾಗಿರುತ್ತದೆ. ಎರಡು ಗಂಟೆ ಬಿಟ್ಟು ನೋಡಿದರೆ ತಳದಲ್ಲಿ ಹರಳು! ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಮುಂಬಯಿ, ಮಾಟುಂಗಾದಿಂದ: ತಂಗಿ, ಟ್ರಾನ್ಸ್‌ಕ್ಯುಟಾಲ್ ಎಷ್ಟು ಹಾಕಿದ್ದೀಯ? ನನ್ನ ಪಿಎಚ್‌ಡಿಯಲ್ಲೂ ಹೀಗೇ ಆಗಿತ್ತು. ಅದು ನೀರಲ್ಲಿ ಬೆರೆಯುವ ದ್ರಾವಕ. ಬಾಟಲಿಯಲ್ಲಿ ಡ್ರಗ್ಗನ್ನು ಚೆನ್ನಾಗಿ ಹಿಡಿದುಕೊಂಡಿರುತ್ತದೆ. ನೀರು ಸಿಕ್ಕಿತೋ, ಡ್ರಗ್ಗನ್ನು ಕೈಬಿಟ್ಟು ನೀರಿನ ಜೊತೆ ಹೋಗುತ್ತದೆ. ಅದನ್ನು ಕಡಿಮೆ ಮಾಡು. ಡ್ರಗ್ಗನ್ನೂ ಕರಗುವಷ್ಟೂ ತುಂಬಬೇಡ, ಸ್ವಲ್ಪ ಜಾಗ ಬಿಡು. ಸ್ವಲ್ಪ ಎಚ್‌ಪಿಎಂಸಿ (ಸೆಲ್ಯುಲೋಸ್‌ನಿಂದ ಮಾಡಿದ ಪಾಲಿಮರ್) ಸೇರಿಸಿಯೂ ನೋಡು. ಕೆಲವು ಡ್ರಗ್‌ಗಳಲ್ಲಿ ಅದು ಹರಳು ಕಟ್ಟುವುದನ್ನು ತಡ ಮಾಡುತ್ತದೆ.

ಇನ್ನೊಂದು ಮಾತು. ಬರೀ ನೀರಲ್ಲಿ ನೋಡಿ ಸಮಾಧಾನ ಪಡಬೇಡ. ಕರುಳಲ್ಲಿ ಕೊಬ್ಬು ಜೀರ್ಣಿಸುವ ಕಿಣ್ವ ಲೈಪೇಸ್ ಇದೆ ಅಲ್ವಾ? ಅದು ಎಣ್ಣೆಯನ್ನೇ ಒಡೆದುಹಾಕುತ್ತದೆ. ಆಗಲೂ ಡ್ರಗ್ ಕರಗಿಯೇ ಇರಬೇಕು. 37 ಡಿಗ್ರಿಯಲ್ಲಿ, ಪಿಎಚ್ 6.5ರ ಬಫರ್‌ನಲ್ಲಿ ಬೈಲ್ ಸಾಲ್ಟ್ (ಪಿತ್ತದ ಲವಣ), ಪ್ಯಾಂಕ್ರಿಯಾಟಿನ್ (ಮೇದೋಜ್ಜೀರಕದ ಕಿಣ್ವಗಳು) ಹಾಕಿ ಲೈಪಾಲಿಸಿಸ್, ಅಂದರೆ ಎಣ್ಣೆ ಒಡೆಯುವ ಪರೀಕ್ಷೆ ಮಾಡು. ಎಣ್ಣೆ ಒಡೆದ ಹಾಗೆ ಫ್ಯಾಟಿ ಆಸಿಡ್ ಬಂದು ಪಿಎಚ್ ಇಳಿಯುತ್ತದೆ. ಕಾಸ್ಟಿಕ್ (ಕ್ಷಾರ) ಬಿಡುತ್ತಾ ಪಿಎಚ್ ಅನ್ನು 6.5ರಲ್ಲೇ ನಿಲ್ಲಿಸಬೇಕು. ಇದನ್ನು ತಾನೇ ಮಾಡುವ ಪಿಎಚ್-ಸ್ಟ್ಯಾಟ್ ಯಂತ್ರ ನಮ್ಮಲ್ಲಿ ಇರಲಿಲ್ಲ. ಗೆಳತಿ ಮೀಟರ್ ನೋಡುತ್ತಿದ್ದಳು, ನಾನು ಬ್ಯೂರೆಟ್ ಹಿಡಿಯುತ್ತಿದ್ದೆ. ತೆಗೆದ ಸ್ಯಾಂಪಲ್‌ಗೆ ತಕ್ಷಣ ಲೈಪೇಸ್ ಇನ್ಹಿಬಿಟರ್ (ಲೈಪೇಸನ್ನು ತಡೆಯುವ ವಸ್ತು) ಹಾಕು, ಇಲ್ಲದಿದ್ದರೆ ಒಡೆಯುವುದು ಟ್ಯೂಬಿನೊಳಗೂ ಮುಂದುವರಿಯುತ್ತದೆ. ಇದನ್ನು ಮರೆತು ನಾನು ಮೂರು ದಿನದ ಕೆಲಸ ಕಳೆದುಕೊಂಡೆ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ತಳದಲ್ಲಿ ಕೂತ ಡ್ರಗ್ ಎಷ್ಟು ಅಂತ ಅಳೆ. ನಿನಗೆ ಬೇಕಾದ ಉತ್ತರ ಅಲ್ಲಿದೆ.

ಗೋವಾ, ವೆರ್ನಾದಿಂದ: ಅಕ್ಕ ಹೇಳಿದ್ದು ಸರಿ. ನಾನು ಪ್ರೊಡಕ್ಷನ್ ಕಡೆಯವನು, ಕ್ಯಾಪ್ಸೂಲ್ ಬಗ್ಗೆ ಹೇಳುತ್ತೇನೆ. ಗಟ್ಟಿ ಜೆಲಟಿನ್ ಕವಚದಲ್ಲಿ ಸುಮಾರು 13ರಿಂದ 16 ಶೇಕಡಾ ನೀರಿರುತ್ತದೆ. ಟ್ರಾನ್ಸ್‌ಕ್ಯುಟಾಲ್ ಆ ನೀರನ್ನು ಎಳೆದುಕೊಂಡರೆ ಕವಚ ಒಡೆಯುತ್ತದೆ. ಮೊದಲು ಹತ್ತು ಕ್ಯಾಪ್ಸೂಲ್ ತುಂಬಿ, ಬೇರೆ ಬೇರೆ ತೇವಾಂಶದಲ್ಲಿಟ್ಟು, ತೂಕ ನೋಡುತ್ತಾ ಬನ್ನಿ. ಇಲ್ಲಿ ಮಳೆಗಾಲದಲ್ಲಿ ಫಿಲ್ಲಿಂಗ್ ರೂಮಿನ ತೇವಾಂಶ ನೋಡದೆ ನಾವು ಮೆಷಿನ್ ಶುರು ಮಾಡುವುದೇ ಇಲ್ಲ. ಜೆಲ್ಯೂಸೈರ್ 44/14 (ಮೇಣದಂಥ ಕೊಬ್ಬಿನ ವಸ್ತು) ಕರಗಿಸಿ ತುಂಬುವುದಾದರೆ 70 ಡಿಗ್ರಿ ದಾಟಿಸಬೇಡಿ.

ಆ ಹರಳನ್ನು ಸುಮ್ನೆ ಚೆಲ್ಲಬೇಡಿ, ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳಿನ ರೂಪ ಗುರುತಿಸುವ ಪರೀಕ್ಷೆ) ಮಾಡಿಸಿ. ರಿಟೊನಾವಿರ್ ಕ್ಯಾಪ್ಸೂಲಿನೊಳಗೆ 1998ರಲ್ಲಿ ಕಡಿಮೆ ಕರಗುವ ಬೇರೆಯೇ ಹರಳು ರೂಪ ಕಾಣಿಸಿಕೊಂಡಿತು. ಮಾರುಕಟ್ಟೆಯಿಂದ ಕ್ಯಾಪ್ಸೂಲನ್ನೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದು ಎಚ್‌ಐವಿ ರೋಗಿಗಳ ಔಷಧಿ.

ಪುಣೆಯಿಂದ: ಟ್ರಾನ್ಸ್‌ಕ್ಯುಟಾಲ್ 40 ಶೇಕಡಾ ಇತ್ತು ಅಕ್ಕ. ನಾಳೆ 10, 20, 30 ಮೂರನ್ನೂ ಮಾಡುತ್ತೇನೆ. ಹರಳನ್ನು ಸೋಸಿ ಇಟ್ಟಿದ್ದೇನೆ, ಸೋಮವಾರ ಎಕ್ಸ್‌ಆರ್‌ಡಿಗೆ ಕೊಡುತ್ತೇನೆ.