ಹಳೆಯ ದೋಣಿಯ ಟ್ಯಾಂಕಿನಲ್ಲಿ ಕುಡಿಯುವ ನೀರನ್ನು ಶುದ್ಧವಾಗಿಡುವುದು ಹೇಗೆ?

ಪ್ರಶ್ನೆ: ನಾವು ಕೊಂಡಿರುವ ಹಳೆಯ ದೋಣಿಯಲ್ಲಿ ಅಲ್ಯೂಮಿನಿಯಂ ನೀರಿನ ಟ್ಯಾಂಕ್ ಇದ್ದು, ಅದರ ಒಳಗೋಡೆಯನ್ನು ಮುಟ್ಟಿದರೆ ಬೆರಳಿಗೆ ಲೋಳೆ ಅಂಟುತ್ತದೆ. ಬ್ಲೀಚ್ ಹಾಕಿ ತೊಳೆದರೆ ಸಾಕೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಅಷ್ಟೇ ಸಾಲದು. ಲೋಳೆಯೊಳಗೆ ಅಡಗಿರುವ ಬ್ಯಾಕ್ಟೀರಿಯಾಗಳನ್ನು ಕ್ಲೋರಿನ್ ಸುಲಭವಾಗಿ ತಲುಪುವುದಿಲ್ಲವಾದ್ದರಿಂದ, ಮೊದಲು ಮುಚ್ಚಳ ತೆಗೆದು, ಮೂಲೆಗಳನ್ನೂ ಒಳಗಿನ ಅಡ್ಡ ತಗಡುಗಳ ಹಿಂಬದಿಯನ್ನೂ ಮೃದುವಾದ ಬ್ರಷ್‌ನಿಂದ ಉಜ್ಜಿ, ತಳದ ಕೆಸರನ್ನು ಪೂರ್ತಿಯಾಗಿ ಹೊರಹಾಕಬೇಕು. ಬಳಿಕ ಪ್ರತಿ 100 ಲೀಟರ್ ನೀರಿಗೆ ಸುವಾಸನೆ ಬೆರೆಸದ ಶೇ. 5ರ ಬ್ಲೀಚ್ ದ್ರಾವಣವನ್ನು 100 ಮಿ.ಲೀ. ಸೇರಿಸಿದರೆ ಲೀಟರಿಗೆ ಸುಮಾರು 50 ಮಿ.ಗ್ರಾಂ ಕ್ಲೋರಿನ್ ದೊರೆಯುತ್ತದೆ. ಪ್ರತಿಯೊಂದು ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಹರಿಸಿ, 4 ಗಂಟೆ ಬಿಟ್ಟು, ಖಾಲಿ ಮಾಡಿ, ವಾಸನೆ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆಯಿರಿ.

ಉತ್ತರ 2: ಮೇಲಿನ ಸಲಹೆ ಸರಿಯಾಗಿದೆ. ಆದರೆ ಕ್ಲೋರಿನ್ ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ರಾತ್ರಿಯಿಡೀ ಬಿಡಬೇಡಿ. ಬ್ಲೀಚ್ ಜೊತೆ ವಿನೆಗರ್ ಬೆರೆತರೆ ವಿಷಾನಿಲ ಹುಟ್ಟುತ್ತದೆ. ದಯವಿಟ್ಟು ಎಂದಿಗೂ ಬೆರೆಸಬೇಡಿ. ಇಂಗಾಲದ ಫಿಲ್ಟರ್ ಇದ್ದರೆ ಮೊದಲೇ ಕಳಚಿಡಿ, ಏಕೆಂದರೆ ಅದು ಕ್ಲೋರಿನನ್ನು ಹೀರಿಕೊಂಡು ಮುಂದಿನ ಕೊಳವೆಗಳಿಗೆ ತಲುಪದಂತೆ ಮಾಡುತ್ತದೆ.

ಉತ್ತರ 3: ಟ್ಯಾಂಕಿನ ಗಾಳಿಕೊಳವೆಯ ಜಾಲರಿಯನ್ನೂ ಡೆಕ್ ಮೇಲಿನ ಮುಚ್ಚಳದ ರಬ್ಬರ್ ವಾಷರನ್ನೂ ಪರೀಕ್ಷಿಸಿ. ಜಾಲರಿ ಹರಿದಿದ್ದರೆ ಹುಳುಗಳು, ವಾಷರ್ ಬಿರುಕು ಬಿಟ್ಟಿದ್ದರೆ ಡೆಕ್ ತೊಳೆದ ಕೊಳಕು ನೀರು ನೇರವಾಗಿ ಒಳಗಿಳಿಯುತ್ತವೆ.