ಶನಿವಾರಕ್ಕೆ ಬೂದು ಬಣ್ಣ

“ಇವತ್ತು ಬೂದು ಅಂತ ಗ್ರೂಪಿನಲ್ಲಿ ಹಾಕಿದ್ದೆನಲ್ಲ! ಒಬ್ಬರೂ ಹಾಕಿಕೊಂಡು ಬಂದಿಲ್ಲ,” ಎಂದು ವತ್ಸಲಾ ಕಡಲೆಕಾಳು ಉಸ್ಲಿಯ ತಟ್ಟೆಗಳನ್ನು ಟಪ್ಪನೆ ಇಟ್ಟಳು.

“ನಾನು ಬಂದಿದ್ದೇನಲ್ಲ,” ಎಂದು ಕಿಟ್ಟಣ್ಣ ತಲೆ ಬಗ್ಗಿಸಿ ಕೂದಲು ತೋರಿಸಿದ. “ನಂದು ವರ್ಷವಿಡೀ ನವರಾತ್ರಿ. ಅಲ್ಲಮ್ಮ, ಹಬ್ಬಕ್ಕೆ ಯಾಕೆ ಬೂದು?”

“ಶನಿವಾರ ಅಲ್ವಾ. ಸೋಮವಾರ ಬಿಳಿ, ಮಂಗಳವಾರ ಕೆಂಪು, ಗುರುವಾರ ಹಳದಿ. ದೇವಿಗೆ ಪ್ರೀತಿ.”

“ನಮ್ಮ ಸ್ಕೂಲಲ್ಲಿ ಶನಿವಾರ ಬಿಳಿ ಯೂನಿಫಾರ್ಮ್ ಇತ್ತು. ದೇವಿದು ಬೇರೆ ಸ್ಕೂಲು ಅಂತ ಕಾಣುತ್ತೆ.”

“ತಮಾಷೆ ಸಾಕು. ದೇವೀಮಹಾತ್ಮೆಯಲ್ಲೇ ಇದೆಯಂತೆ.”

“ನಮ್ಮಮ್ಮ ಒಂಬತ್ತು ದಿನವೂ ಪಾರಾಯಣ ಮಾಡ್ತಿದ್ದಳು. ಅದರಲ್ಲಿ ಮಹಿಷಾಸುರ ಇದ್ದಾನೆ, ರಕ್ತಬೀಜ ಇದ್ದಾನೆ. ಸೀರೆ ಅಂಗಡಿಯವನು ಇಲ್ಲ. ಇದು 2000ದ ದಶಕದಲ್ಲಿ ಮುಂಬಯಿಯ ಮರಾಠಿ ಪೇಪರಿನವರು ಹಬ್ಬಿಸಿದ್ದು. ಇವತ್ತಿನ ಬಣ್ಣ ಇದು, ಉಟ್ಟು ಫೋಟೊ ಕಳಿಸಿ ಅಂದರು. ಫೋಟೊ ಬರುತ್ತೆ ಅಂದರೆ ಕೇಳಬೇಕೆ!”

ಪದ್ದಕ್ಕ ಸುಮ್ಮನಿರಲಿಲ್ಲ. “ಯಾವುದು ಹೊಸದಲ್ಲ ಹೇಳು. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ದೇ 1610ರಲ್ಲಿ. ಆಗಲೂ ಯಾವನೋ ಕಿಟ್ಟಣ್ಣ ಗೊಣಗಿರಬೇಕು.”

“ಗೊಣಗದೆ ಇರ್ತಾನಾ? ವಿಜಯನಗರದಲ್ಲಿ ಹೀಗಿರಲಿಲ್ಲಪ್ಪ ಅಂದಿರ್ತಾನೆ.”

ರಾಜು ಆಫೀಸಿನ ಗೋಳು ತೆಗೆದ. ಅಲ್ಲೂ ಬಣ್ಣದ ಮೇಲ್ ಬಂದಿದೆಯಂತೆ, ನೇರಳೆ ಶರ್ಟಿಗೆ ಊರೆಲ್ಲ ಅಲೆದನಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿಟ್ಟಣ್ಣನ ಕಣ್ಣು ಗೊಂಬೆಗಳ ಮೇಲಿತ್ತು. ಮೂರನೇ ಮೆಟ್ಟಿಲಲ್ಲಿ ಥರ್ಮೊಕೋಲಿನ ಚಂದ್ರಯಾನ. (ನಿಜವಾದದ್ದು 2023ರಲ್ಲೇ ಇಳಿದು ಮುಗಿಯಿತು, ಇಲ್ಲಿ ವರ್ಷವರ್ಷ ಇಳಿಯುತ್ತಲೇ ಇದೆ.) ತುದಿ ಮೆಟ್ಟಿಲಲ್ಲಿ ವತ್ಸಲಾಳ ಅತ್ತೆಗೆ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು. ರಾಣಿಯ ಮೂಗು ಸವೆದು ನುಣ್ಣಗಾಗಿದೆ. ಉಟ್ಟಿದ್ದು ಬೂದು ಸೀರೆ.

“ಅಯ್ಯೋ! ಪಟ್ಟದ ರಾಣಿಗೆ ಸಿಮೆಂಟ್ ಚೀಲದ ಬಣ್ಣವೇನೇ!”

ಎಲ್ಲರೂ ನಕ್ಕರು, ವತ್ಸಲಾ ಬಿಟ್ಟು.

“ಇರಲಿ, ಮಕ್ಕಳು ಎಷ್ಟು ಜನ ಬಂದರು?” ಎಂದು ಕಿಟ್ಟಣ್ಣ ಕೇಳಿದ.

“ಯಾವ ಮಕ್ಕಳು?”

“ಗೊಂಬೆ ಕೂರಿಸಿದೀರಾ ಅಂತ ಕೇಳಿಕೊಂಡು ಬರೋವು. ನಾವು ಪರಿಚಯ ಇದೆಯೋ ಇಲ್ಲವೋ ನೋಡದೆ ನುಗ್ತಿದ್ವಿ. ಒಂದು ಹಾಡು ಹೇಳಿದರೆ ಚಕ್ಕುಲಿ. ನಾನು ಹಾಡಿದರೆ ನಿಲ್ಲಿಸೋಕೆ ಅಂತ ಇನ್ನೊಂದು.”

“ಈ ಅಪಾರ್ಟ್‌ಮೆಂಟಿಗೆ ಹಾಗೆಲ್ಲ ಯಾರು ಬರ್ತಾರೆ? ಗೇಟಿನವನು ಫ್ಲ್ಯಾಟ್ ನಂಬರ್ ಕೇಳ್ತಾನೆ. ಕೊಬ್ಬರಿ ಮಿಠಾಯಿ ಡಬ್ಬಿ ತುಂಬ ಹಾಗೇ ಇದೆ.” ವತ್ಸಲಾ ಫೋನ್ ಮುಂದೆ ಹಿಡಿದಳು. “ನೋಡಿ. ಪುಣೆಯಲ್ಲಿ ಅತ್ತಿಗೆ, ಡಾಲಸ್‌ನಲ್ಲಿ ನನ್ನ ತಂಗಿ. ಎಲ್ಲ ಬೂದು. ವರ್ಷವೆಲ್ಲ ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಮಾತಿಲ್ಲ. ಈ ಒಂಬತ್ತು ದಿನ ಮಾತ್ರ ಬೀರು ತೆಗೆದು, ಅದು ಅಮ್ಮನ ಸೀರೆ ಅಲ್ವೇನೇ ಅಂತ ಕೇಳ್ತಾರೆ.”

ಕಿಟ್ಟಣ್ಣ ಫೋಟೊ ದೊಡ್ಡದು ಮಾಡಿ ನೋಡಿದ. ಉಸ್ಲಿಯಲ್ಲಿದ್ದ ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಟ್ಟ.

“ನಾಳೆ ಯಾವುದು?”

“ಭಾನುವಾರ, ಕಿತ್ತಳೆ.”

“ಸರಿ. ಗೇಟಿನವನಿಗೆ ಮೊದಲೇ ಹೇಳಿಡು, ಕಾವಿಯವನು ಬಂದರೆ ಒಳಗೆ ಬಿಡು, ಭಿಕ್ಷೆಗಲ್ಲ, ಮಿಠಾಯಿಗೆ ಅಂತ.”